ಅಪ್ಪನ ಕಿವಿ ಕೇಳದಾದ ಮಳೆಗಾಲ

ಮೊನ್ನೆ ನನ್ನ ಸೊಸೆ ಮೊಮ್ಮಗಳ ಕಿವಿನೋವಿಗೆಂದು ಎಳ್ಳೆಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಸುತ್ತಿದ್ದಳು. ಯಾರೋ ಗೆಳತಿ ಹೇಳಿಕೊಟ್ಟ ಮದ್ದಂತೆ. "ಮೊದಲ ಡಾಕ್ಟರ ಕಡೆ ಕರ್ಕೊಂಡ ಹೋಗು, ಎಣ್ಣಿ ಗಿಣ್ಣಿ ಏನೂ ಬ್ಯಾಡ" ಎಂದು ಗದರಿದೆ. ಗದರಿದ್ದು ಸ್ವಲ್ಪ ಹೆಚ್ಚೇ ಆಯಿತೆಂದು ಕಾಣುತ್ತದೆ. ಅವಳು ಬಾಣಲೆ ಇಳಿಸಿ ನನ್ನ ಮುಖವನ್ನೇ ನೋಡಿದಳು. ನಾನು ಎದ್ದು ಬಾಲ್ಕನಿಗೆ ಹೋಗಿ ಕೂತೆ. ಬೆಳ್ಳುಳ್ಳಿ ಕೆಂಪಗಾಗುವ ವಾಸನೆ ಬಂದರೆ ಎಲ್ಲರಿಗೂ ಹಸಿವಾಗುತ್ತದೆ. ನನಗೆ ಅದು ಅಪ್ಪನ ಕಿವಿಯ ವಾಸನೆ. ವಡಾಲದ ಎರಡನೇ ಮಹಡಿಯ ಮನೆ, ಐವತ್ತರ ದಶಕದ ನಡುವಿನ ಒಂದು ಮಳೆಗಾಲ, ಹನ್ನೊಂದು ವರ್ಷದ ನಾನು. ಆ ಮಳೆಗಾಲದ ವಿಷಯ ನಮ್ಮ ಮನೆಯಲ್ಲಿ ಅಪ್ಪನ ಎದುರಿಗೆ ಯಾರೂ ಎತ್ತುತ್ತಿರಲಿಲ್ಲ. ಎತ್ತಬೇಕಾದವರಲ್ಲಿ ಈಗ ಉಳಿದವಳು ನಾನೊಬ್ಬಳೇ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ನೌಕಾಪಡೆಯಲ್ಲಿ ಇಂಜಿನಿಯರ್ ಅಧಿಕಾರಿ. ಧಾರವಾಡದ ಕಡೆಯವರು, ಹದಿನೆಂಟು ವರ್ಷದವರೆಗೆ ಊರ ಕೆರೆಗಿಂತ ದೊಡ್ಡ ನೀರು ಕಂಡವರಲ್ಲ. ಬ್ರಿಟಿಷರಿದ್ದಾಗ ಸೇರಿದ್ದು. ಯುದ್ಧದ ವರ್ಷಗಳನ್ನೆಲ್ಲ ಹಡಗಿನ ಹೊಟ್ಟೆಯೊಳಗೆ, ಬಾಯ್ಲರುಗಳ ಗದ್ದಲದಲ್ಲಿ ಕಳೆದಿದ್ದರು. ಹಡಗು ನಡೆಸುವವರು ಮೇಲೆ ದುರ್ಬೀನು ಹಿಡಿದು ನಿಂತವರಲ್ಲ, ಕೆಳಗೆ ಬೆವರು ಸುರಿಸುವವರು ಎಂಬುದು ಅವರ ಗಟ್ಟಿ ನಂಬಿಕೆ. ಕೊಲಾಬಾದಲ್ಲಿ ಅಧಿಕಾರಿಗಳ ಮನೆಗಳು ಸಾಲದೆ ನಾವು ವಡಾಲದಲ್ಲಿ ಬಾಡಿಗೆಗಿದ್ದೆವು. ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಸಮವಸ್ತ್ರ ತೊಟ್ಟು, ಬಂದರಿನ ಕೆಲಸಗಾರರ ನಡುವೆ ಹಾರ್ಬರ್ ಲೈನಿನ ಲೋಕಲ್ ಹತ್ತಿ ಬೋರಿಬಂದರಿನಲ್ಲಿ ಇಳಿದು, ಅಲ್ಲಿಂದ ಫೋರ್ಟ್ ದಾಟಿ ಡಾಕ್‌ಯಾರ್ಡಿಗೆ ನಡೆದು ಹೋಗುತ್ತಿದ್ದರು. ಬಿಲ್ಡಿಂಗಿನವರೆಲ್ಲ ಅವರನ್ನು "ಕ್ಯಾಪ್ಟನ್ ಸಾಬ್" ಎನ್ನುತ್ತಿದ್ದರು. ಅಪ್ಪ ಕ್ಯಾಪ್ಟನ್ ಆಗಿರಲಿಲ್ಲ, ಆಗುವವರೂ ಅಲ್ಲ. ಆದರೆ ಅಜ್ಜಿ ಆ ಬಡ್ತಿಯನ್ನು ಯಾವ ತಕರಾರೂ ಇಲ್ಲದೆ ಒಪ್ಪಿಕೊಂಡಿದ್ದಳು.

ಆ ವರ್ಷ ಮಳೆಗಾಲಕ್ಕೆ ಮುಂಚೆ ಅಪ್ಪನ ಹಡಗು ರಿಪೇರಿಗೆ ಡಾಕ್‌ಯಾರ್ಡಿಗೆ ಬಂತು. ಮಳೆ ಕಳೆದ ಮೇಲೆ ಆಫ್ರಿಕಾದ ಬಂದರುಗಳ ಕಡೆಗೆ ಒಂಬತ್ತು ತಿಂಗಳ ಪಯಣ. ಆ ಪಯಣಕ್ಕೆ ಮುಖ್ಯ ಇಂಜಿನಿಯರ್ ಅಪ್ಪನೇ ಎಂದು ಹುಕುಂ ಆಗಿತ್ತು. ಇಷ್ಟು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದವರಿಗೆ ಮೊದಲ ಸಲ ಒಂದು ಹಡಗಿನ ಇಂಜಿನ್ ಪೂರ್ತಿ ತಮ್ಮದಾಗುವುದಿತ್ತು. ಆ ಕಾಗದ ಬಂದ ದಿನ ಅಪ್ಪ ಮಾಟುಂಗದ ಉಡುಪಿ ಹೋಟೆಲಿನಿಂದ ಮೈಸೂರುಪಾಕು ತಂದು ಬಿಲ್ಡಿಂಗಿಗೆಲ್ಲ ಹಂಚಿದರು. ಆಗಬೇಕಾದದ್ದು ಒಂದೇ ಉಳಿದಿತ್ತು. ಹೊರಡುವ ಮುಂಚೆ ನೌಕಾಪಡೆಯ ಡಾಕ್ಟರು ಮೈ ಪರೀಕ್ಷೆ ಮಾಡಿ, ಸಮುದ್ರಕ್ಕೆ ಹೋಗಲು ಅಡ್ಡಿಯಿಲ್ಲ ಎಂದು ಬರೆಯಬೇಕಿತ್ತು.

ಅಪ್ಪನಿಗೆ ಕಿವಿ ಕೇಳುವುದಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ. ಅವ್ವ ಹೇಳಿದ್ದು ಬೇರೆ. "ಅಪ್ಪನ ಜೋಡಿ ಮಾತಾಡೋವಾಗ ಮಕಾ ನೋಡಿ ಮಾತಾಡಬೇಕವಾ. ಬೆನ್ನ ಹಿಂದಿಂದ ಒದರಬಾರದು." ನಾನು ಅದನ್ನು ಮರ್ಯಾದೆಯ ಪಾಠ ಎಂದುಕೊಂಡಿದ್ದೆ. ನಾನು ಕೇಳಿದ್ದಕ್ಕೆ ಅಪ್ಪ ಇನ್ನೇನೋ ಉತ್ತರ ಕೊಟ್ಟರೆ ತಲೆಯಲ್ಲಿ ಇಂಜಿನ್ ತಿರುಗುತ್ತಿದೆ ಎಂದು ನಗುತ್ತಿದ್ದೆ. ಅಜ್ಜಿ ಮಾತ್ರ ತನ್ನದೇ ರೋಗನಿದಾನ ಮಾಡಿದ್ದಳು. "ಇಂಜಿನ್ನಿನ ಮಸಿ ಕಿವ್ಯಾಗ ಕುಂತೈತಿ, ಎಣ್ಣಿ ಬಿಟ್ರ ಕರಗತೈತಿ." ದಿನಾ ಸಂಜೆ ಬೆಳ್ಳುಳ್ಳಿ ಎಣ್ಣೆ ಉಗುರುಬೆಚ್ಚಗೆ ಮಾಡಿಕೊಂಡು ಕೂರುವಳು. ಭುಜದ ಮೇಲೆ ಚಿನ್ನದ ಪಟ್ಟಿ ಹೊತ್ತ ಅಧಿಕಾರಿ ಬನಿಯನ್ನಿನಲ್ಲಿ ಅವಳ ತೊಡೆಯ ಮೇಲೆ ತಲೆಯಿಟ್ಟು ಮಗ್ಗುಲಾಗಿ ಮಲಗುವರು. ನಾನು ಹತ್ತಿ ಹಿಡಿದು ನಿಲ್ಲುವವಳು. ಅಜ್ಜಿಯ ಎಣ್ಣೆಯಿಂದ ಏನೂ ಕರಗಲಿಲ್ಲ.

ಜುಲೈನಲ್ಲಿ ಅಪ್ಪ ಅಭ್ಯಾಸ ಶುರು ಮಾಡಿದರು. ಆಗಿನ ಕಿವಿ ಪರೀಕ್ಷೆ ಬಹಳ ಸರಳ. ಡಾಕ್ಟರು ಬೆನ್ನ ಹಿಂದೆ ದೂರ ನಿಂತು ಪಿಸುಮಾತಿನಲ್ಲಿ ಇಂಗ್ಲಿಷ್ ಶಬ್ದ, ಅಂಕಿ ಹೇಳುತ್ತಾರೆ. ಕೂತವರು ಅದನ್ನೇ ತಿರುಗಿ ಹೇಳಬೇಕು. ಅಪ್ಪ ಕುರ್ಚಿಯನ್ನು ಅಡುಗೆಮನೆಯ ಕಡೆಗೆ ಮುಖವಾಗಿ ಹಾಕಿಕೊಂಡು ಕೂತರು. ನಾನು ಅವರ ಹಿಂದೆ, ಮುಂಬಾಗಿಲಿಗೆ ಬೆನ್ನು ಕೊಟ್ಟು ನಿಂತು ಚೀಟಿ ನೋಡಿ ಪಿಸುಗುಟ್ಟಬೇಕು. ಅಪ್ಪನ ಎದುರಿಗೆ ಅವ್ವ ಮೊರ ಹಿಡಿದು ಅಕ್ಕಿ ಆರಿಸುತ್ತಿರುವಳು. "ನೈಂಟಿನೈನ್" ಎಂದೆ. ಅಪ್ಪ "ನೈಂಟಿನೈನ್" ಎಂದರು. "ಬೋಟ್" ಎಂದೆ. "ಬೋಟ್" ಎಂದರು. ಮೂರು ದಿನ ಒಂದೂ ತಪ್ಪಲಿಲ್ಲ. ನನ್ನ ಪಿಸುಮಾತೇ ಚೆನ್ನಾಗಿದೆ ಎಂದು ಬೀಗಿದೆ.

ನಾಲ್ಕನೆಯ ದಿನ ಹಾಲು ಉಕ್ಕಿ ಅವ್ವ ಎದ್ದು ಹೋದಳು. ನಾನು "ಫಾರ್ಟಿಫೋರ್" ಎಂದೆ. ಅಪ್ಪ ಸುಮ್ಮನೆ ಕೂತಿದ್ದರು. ಮತ್ತೊಮ್ಮೆ ಹೇಳಿದೆ. ನಾನಿನ್ನೂ ಶುರುವೇ ಮಾಡಿಲ್ಲವೇನೋ ಎಂಬ ಹಾಗೆ, ಕತ್ತು ನೆಟ್ಟಗೆ ಮಾಡಿಕೊಂಡು ಕಾಯುತ್ತಲೇ ಇದ್ದರು. ಅವ್ವ ಹಾಲಿನ ಪಾತ್ರೆ ಇಳಿಸಿ ಬಂದು ಕೂತು, ನನ್ನ ಕಡೆ ನೋಡಿದಳು. ನಾನು ಮೂರನೇ ಸಲ ಹೇಳಿದೆ. ಇಂಗ್ಲಿಷ್ ಬಾರದ ಅವ್ವ ನಾನು ಅಂದದ್ದನ್ನು ಹಾಗೇ ಸದ್ದಿಲ್ಲದೆ ತುಟಿಯಲ್ಲಿ ಆಡಿಸಿದಳು. ಅಪ್ಪ ಹುಮ್ಮಸ್ಸಿನಿಂದ "ಫಾರ್ಟಿಫೋರ್!" ಎಂದರು. ನನಗೆ ತಿಳಿಯಿತು ಎಂದು ಅವ್ವನಿಗೂ ತಿಳಿಯಿತು. ಅವಳು ಬಾಯಿಯ ಮೇಲೆ ಬೆರಳಿಡಲಿಲ್ಲ, ಬಯ್ಯಲಿಲ್ಲ. ಮಾರನೆಯ ದಿನದಿಂದ ತುಟಿ ಆಡಿಸುವುದನ್ನು ನನಗೂ ಕಲಿಸಿದಳು.

ಪರೀಕ್ಷೆಯ ಕೋಣೆಯಲ್ಲಿ ಅವ್ವ ಇರುವುದಿಲ್ಲವಲ್ಲ, ಅದಕ್ಕೆ ದಾರಿ ಹುಡುಕಿದವರು ಸಾವಂತ ಕಾಕಾ. ಅವರು ಅಪ್ಪನ ಹಡಗಿನ ಹಳೆಯ ಮೆಕ್ಯಾನಿಕ್, ರತ್ನಾಗಿರಿಯವರು, ಯುದ್ಧದಿಂದಲೂ ಅಪ್ಪನ ಜೊತೆಗಿದ್ದವರು. ಕಾಕಾ ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದರು. ಕೂರುವ ಸ್ಟೂಲಿನ ಎದುರಿಗೇ ಔಷಧದ ಕಪಾಟು ಇದೆ, ಅದರ ಬಾಗಿಲು ಗಾಜಿನದು, ಹಿಂದೆ ನಿಂತ ಡಾಕ್ಟರ ಮುಖ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಅಪ್ಪ ಈ ಗುಟ್ಟನ್ನು ಅವ್ವನಿಗೆ ಹೇಳಿದ್ದು ಅವರ ಲೆಕ್ಕದಲ್ಲಿ ಬಹಳ ಮೆಲ್ಲಗೆ. ಎರಡನೇ ಮಹಡಿಯಲ್ಲಿ ಅದು ಕೇಳದವರು ಅವರೊಬ್ಬರೇ. ಪುಣ್ಯಕ್ಕೆ ಅಕ್ಕಪಕ್ಕದವರಿಗೆ ಕನ್ನಡ ಬರುತ್ತಿರಲಿಲ್ಲ. ಆ ರಾತ್ರಿ ಅವ್ವ ಎಷ್ಟೋ ದಿನಗಳ ನಂತರ ಹೊಟ್ಟೆ ತುಂಬ ಉಂಡಳು. ನಾನೂ ನೆಮ್ಮದಿಯಾದೆ. ಗಾಜಿನಲ್ಲಿ ನೋಡಿ ಉತ್ತರ ಹೇಳುವುದು ಕಾಪಿ ಹೊಡೆದ ಹಾಗಲ್ಲವೇ ಎಂದು ಒಂದು ಕ್ಷಣ ಅನ್ನಿಸಿತು. ನಮ್ಮ ಅಪ್ಪನಲ್ಲವೇ ಎಂದು ಬಿಟ್ಟುಬಿಟ್ಟೆ.

ಬಿಟ್ಟುಬಿಡಲು ಆಗದಂತೆ ಮಾಡಿದ್ದು ಅಪ್ಪನೇ. ಒಂದು ಭಾನುವಾರ ಹಡಗು ತೋರಿಸುತ್ತೇನೆಂದು ನನ್ನನ್ನು ಡಾಕ್‌ಯಾರ್ಡಿಗೆ ಕರೆದುಕೊಂಡು ಹೋದರು. ಇಂಜಿನ್ ಕೋಣೆಗೆ ಇಳಿಯುವ ಕಬ್ಬಿಣದ ಏಣಿ, ಬಿಸಿ ಎಣ್ಣೆಯ ಘಾಟು, ಮೈಗೆ ಅಂಟುವ ಸೆಕೆ. ಅಲ್ಲಿ ಅಪ್ಪ ಬೇರೆಯೇ ಮನುಷ್ಯ. ರಿಪೇರಿಯಾದ ಒಂದು ಪಂಪನ್ನು ಉಗಿ ಕೊಟ್ಟು ಓಡಿಸಿ ನೋಡುತ್ತಿದ್ದರು. ಅಪ್ಪ ಒಂದು ಉದ್ದನೆಯ ಕಬ್ಬಿಣದ ಸಲಾಕೆಯ ತುದಿಯನ್ನು ಪಂಪಿಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚಿದರು. ಆಮೇಲೆ ಒಂದು ಜಾಗ ತೋರಿಸಿ, "ಇಲ್ಲಿ ಬೇರಿಂಗ್ ಸವದೈತಿ" ಎಂದು ನನಗೂ, ಅದನ್ನೇ ಹಿಂದಿಯಲ್ಲಿ ಸಾವಂತ ಕಾಕಾನಿಗೂ ಹೇಳಿದರು. ಪಂಪು ನಿಲ್ಲಿಸಿ ಬಿಚ್ಚಿ ನೋಡಿದರೆ ಹೌದು, ಸವೆದಿತ್ತು. ಕಿವಿ ಚೆನ್ನಾಗಿದ್ದವರು ಯಾರಿಗೂ ಅದು ಗೊತ್ತಾಗಿರಲಿಲ್ಲ. "ನೋಡಿದೇನ ಗಂಗೂ, ಇಂಜಿನ್ ಹಲ್ಲಿನ್ಯಾಗ ಮಾತಾಡತೈತಿ" ಎಂದು ಅಪ್ಪ ನಕ್ಕರು. ನನಗೆ ಬಹಳ ಹೆಮ್ಮೆಯಾಯಿತು.

ಬೇರಿಂಗ್ ಬದಲಿಸಿ ಮತ್ತೆ ಜೋಡಿಸಿದರು. ಕುಟ್ಟನ್ ಎಂಬ ಮಲಯಾಳಿ ನಾವಿಕ ಪಂಪಿನ ಆಚೆ ಬದಿ ಕೂತು ಪೈಪಿನ ಕೊನೆಯ ಜೋಡಣೆ ಬಿಗಿಯುತ್ತಿದ್ದ. ಕೆಲಸ ಮುಗಿಯಿತೆಂದು ಅಪ್ಪ ಉಗಿ ಬಿಡುವ ವಾಲ್ವಿನ ಚಕ್ರ ತಿರುಗಿಸತೊಡಗಿದರು. "ರುಕೋ ಸಾಬ್! ರುಕೋ!" ಎಂದು ಕುಟ್ಟನ್ ಕಿರುಚಿದ. ನನಗೆ ಕೇಳಿತು, ಎಲ್ಲರಿಗೂ ಕೇಳಿತು. ಅಪ್ಪನ ಕೈ ನಿಧಾನವಾಗಿ, ಎಚ್ಚರಿಕೆಯಿಂದ, ತಿರುಗಿಸುತ್ತಲೇ ಇತ್ತು. "ಸಾಹೇಬ, ಬಂದ್ ಕರಾ!" ಎನ್ನುತ್ತ ಸಾವಂತ ಕಾಕಾ ಹಾರಿ ಬಂದು ಅಪ್ಪನ ಕೈ ಹಿಡಿದು ಚಕ್ರವನ್ನು ಹಿಂದಕ್ಕೆ ತಿರುಗಿಸಿದರು. ಕುಟ್ಟನ್ ಎದ್ದು ನಿಂತಾಗ ಅವನ ಮುಂಗೈ ಕೆಂಪಗೆ ಬೆಂದು ಚರ್ಮ ಸುಲಿದಿತ್ತು. ಅವನು ನನ್ನ ಕಡೆ ನೋಡಿ, ಅಳಬೇಡವೆಂಬಂತೆ, "ಕುಛ್ ನಹೀ ಬೇಬಿ" ಎಂದ. ಸಾವಂತ ಕಾಕಾ ಯಾರ ಮುಖವನ್ನೂ ನೋಡದೆ, ವಾಲ್ವಿನದೇ ದೋಷ ಎಂದು ಜೋರಾಗಿ ಹೇಳಿದರು. ಅಪ್ಪ ಸುಣ್ಣದಂತೆ ಬಿಳುಚಿಕೊಂಡು ಅವನ ಕೈಯನ್ನೇ ನೋಡುತ್ತ ನಿಂತಿದ್ದರು. ಲೋಕಲ್‌ನಲ್ಲಿ ಮನೆಗೆ ಬರುವಾಗ ಒಂದೇ ಮಾತು ಹೇಳಿದರು. "ಅವ್ವಗ ಹೇಳಬ್ಯಾಡ." ನಾನು ಹೇಳಲಿಲ್ಲ. ಆದರೆ ಆ ಕೈ ನನ್ನ ಕಣ್ಣಿನಿಂದ ಹೋಗಲಿಲ್ಲ. ರೊಟ್ಟಿ ತಟ್ಟುವ ಅವ್ವನ ಕೈ ನೋಡಿದರೂ ಅದೇ ನೆನಪಾಗುತ್ತಿತ್ತು.

ಪರೀಕ್ಷೆ ಮಾಡುವ ಡಾಕ್ಟರು ಹುಬ್ಬಳ್ಳಿಯವರು ಎಂದು ಶ್ರಾವಣದಲ್ಲಿ ಗೊತ್ತಾಯಿತು. ಹೊಸದಾಗಿ ವರ್ಗವಾಗಿ ಬಂದವರು, ಇನ್ನೂ ಮದುವೆಯಾಗಿಲ್ಲ, ಮೆಸ್ಸಿನ ಬೇಯಿಸಿದ ಆಲೂಗಡ್ಡೆ ತಿಂದು ಸೊರಗಿದ್ದಾರೆ. ಅವ್ವನ ಮುಖ ಅರಳಿತು. "ನಮ್ಮ ಕಡೆಯವರು ಅಂದಮ್ಯಾಲೆ ಮನಿಗೆ ಕರೀದಿದ್ರ ಹೆಂಗ್ರಿ? ಒಂದ ಹೊತ್ತು ರೊಟ್ಟಿ ತಿಂದು ಹೋಗಲಿ." ಅಪ್ಪ ಬೇಡವೆಂದರು, ಅವ್ವ ಕೇಳಲಿಲ್ಲ. ಉಪ್ಪು ಉಂಡವರು ಕೈ ಬಿಡುವುದಿಲ್ಲ ಎಂಬುದು ಅವಳ ಲೆಕ್ಕ. ಪರೀಕ್ಷೆ ಮಂಗಳವಾರ ಎಂದು ಗೊತ್ತಾದಾಗ, ಅದರ ಹಿಂದಿನ ಭಾನುವಾರ ಮಧ್ಯಾಹ್ನಕ್ಕೆ ಊಟದ ಕರೆ ಹೋಯಿತು.

ನಮ್ಮ ಮನೆಯಲ್ಲಿ ಊಟದ ಮೇಜು ಇತ್ತು. ಅಪ್ಪ ಅದರ ಒಂದು ತುದಿಗೆ ಕೂರುವರು, ಅಲ್ಲಿಂದ ಎಲ್ಲರ ಬಾಯಿಯೂ ಅವರಿಗೆ ಕಾಣುತ್ತಿತ್ತು. ಅವ್ವ ಆ ದಿನ ಸಂಭ್ರಮದಲ್ಲಿ ಆ ಮೇಜನ್ನು ಗೋಡೆಗೆ ಸರಿಸಿದಳು. ನಮ್ಮ ಕಡೆಯ ಅತಿಥಿಯನ್ನು ಮೇಜಿನ ಮೇಲೆ ಉಣ್ಣಿಸಲು ಅವಳಿಗೆ ಮನಸ್ಸಾಗಲಿಲ್ಲ. ನೆಲ ಸಾರಿಸಿ, ರಂಗೋಲಿ ಎಳೆದು, ಎರಡು ಮಣೆ ಪಕ್ಕಪಕ್ಕದಲ್ಲಿ ಹಾಕಿ, ಬಾಳೆ ಎಲೆ ಹಾಸಿದಳು. ಅಪ್ಪ ಡಾಕ್ಟರನ್ನು ಸ್ಟೇಷನ್ನಿನಿಂದ ಕರೆದುಕೊಂಡು ಒಳಗೆ ಬಂದವರು ಆ ಎರಡು ಮಣೆ ನೋಡಿ ನಿಂತುಬಿಟ್ಟರು. ಮಗ್ಗುಲಲ್ಲಿ ಕೂತವರ ತುಟಿ ಕಾಣುವುದು ಹೇಗೆ? ಅಷ್ಟರಲ್ಲಿ ಡಾಕ್ಟರು, "ಅಯ್ಯ, ಪಂಕ್ತಿ ಊಟ! ಊರ ಬಿಟ್ಟ ಮ್ಯಾಲೆ ಹಿಂಗ ಕುಂತು ಉಂಡೇ ಇಲ್ರಿ ವೈನಿ" ಎಂದು ಕೈಕಾಲು ತೊಳೆದು ಕೂತೇ ಬಿಟ್ಟರು. ಅವ್ವನಿಗೆ ಆಗ ಹೊಳೆಯಿತು. ತುಪ್ಪದ ಗಿಂಡಿ ಅವಳ ಕೈಯಲ್ಲಿತ್ತು. ಅವಳು ನನ್ನ ಕಡೆ ನೋಡಿದಳು. ಆ ಗಿಂಡಿಯನ್ನು ನನ್ನ ಕೈಗೆ ಕೊಟ್ಟಳು. ಬಡಿಸುವವರು ಪಂಕ್ತಿಯ ಎದುರಿಗೆ ನಿಲ್ಲುತ್ತಾರಲ್ಲ.

ಡಾಕ್ಟರು ಒಳ್ಳೆಯವರು, ಉಣ್ಣುವಾಗ ಮಾತು ಜಾಸ್ತಿ. ಎಲೆ ನೋಡಿಕೊಂಡೇ ಮೆಲ್ಲಗೆ ಮಾತಾಡುವವರು. "ಇಲ್ಲಿ ಮಳಿ ನಿಮಗ ರೂಢಿ ಆಗಿರಬೇಕಲ್ರಿ?" ಎಂದರು. ಅಪ್ಪನ ಕಣ್ಣು ನನ್ನ ಮೇಲಿತ್ತು. ನಾನು ಸದ್ದಿಲ್ಲದೆ ತುಟಿ ಆಡಿಸಿದೆ. "ಎಲ್ಲಿ ರೂಢಿರಿ, ಬೂಟ ಒಣಗೂದಿಲ್ಲ ನೋಡ್ರಿ" ಎಂದರು ಅಪ್ಪ. "ಎಣಗಾಯಿ ಮಸಾಲಿ ಊರಿಂದೇನ್ರಿ?" ಅದನ್ನೂ ಆಡಿಸಿದೆ. ಅದಕ್ಕೂ ಸರಿಯಾದ ಉತ್ತರ ಬಂತು. ಬಾಗಿಲಲ್ಲಿ ನಿಂತ ಅವ್ವ ಉಸಿರು ಬಿಟ್ಟದ್ದು ನನಗೆ ಕೇಳಿತು.

ಆಮೇಲೆ ಡಾಕ್ಟರು ಹೋಳಿಗೆ ಮುರಿಯುತ್ತ ಕೇಳಿದರು. "ನಿಮ್ಮ ಹಡಗದಾಗ ಒಟ್ಟ ಎಷ್ಟ ಮಂದಿ ಇರ್ತೀರಿ?"

ಅಪ್ಪ ನನ್ನನ್ನೇ ನೋಡಿದರು. ನಾನು ಬಾಯಿ ತೆರೆದೆ. ಎಷ್ಟು ಮಂದಿ ಎಂಬ ಎರಡು ಶಬ್ದ, ಅಷ್ಟೇ. ಕುಟ್ಟನ್‌ನ ಕೈ ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿದೆ. ತಲೆ ತಗ್ಗಿಸಿ ತುಪ್ಪದ ಗಿಂಡಿಯೊಳಗೆ ನೋಡುತ್ತ ನಿಂತೆ. ಅಪ್ಪ ಸ್ವಲ್ಪ ಕಾದರು. ಆಮೇಲೆ ನಗುತ್ತ, "ಹೌದ್ರಿ, ಬೆಲ್ಲ ಊರಿಂದ ಬಂದದ್ದು" ಎಂದರು.

ಡಾಕ್ಟರ ಕೈ ಎಲೆಯ ಮೇಲೆ ನಿಂತಿತು. ಅವರು ನೀರಿನ ಲೋಟ ಎತ್ತಿ ಬಾಯಿಗೆ ಅಡ್ಡ ಹಿಡಿದು, ಗೋಡೆಯ ಕಡೆ ನೋಡುತ್ತ, ಬಹಳ ಮೆಲ್ಲಗೆ ಕೇಳಿದರು. "ಎಷ್ಟ ದಿನದಿಂದ ಕಿವಿ ಹಿಂಗ ಆಗ್ಯಾವ್ರಿ?" ಅಪ್ಪ ಮತ್ತೆ ನನ್ನ ಕಡೆ ನೋಡಿದ್ದು ನನಗೆ ತಲೆ ಎತ್ತದೆಯೇ ಗೊತ್ತಾಯಿತು. ನಾನು ತಲೆ ಎತ್ತಲಿಲ್ಲ. "ಹೌದ್ರಿ, ಹೌದ್ರಿ" ಎಂದರು ಅಪ್ಪ, ಅದೇ ನಗುವಿನಲ್ಲಿ. ಡಾಕ್ಟರು ಹೋಳಿಗೆ ಪೂರ್ತಿ ತಿಂದರು, ಇನ್ನೊಂದು ಹಾಕಿಸಿಕೊಂಡು ಅದನ್ನೂ ತಿಂದರು. ಅಜ್ಜಿಯ ಕಾಲು ಮುಟ್ಟಿ ನಮಸ್ಕರಿಸಿ ಹೋದರು. ಮಂಗಳವಾರ ಅಪ್ಪನ ಸ್ಟೂಲನ್ನು ಗಾಜಿನ ಕಪಾಟು ಬಿಟ್ಟು ಬರೀ ಗೋಡೆಯ ಕಡೆಗೆ ತಿರುಗಿಸಿ ಕೂರಿಸಿದರಂತೆ.

ಕುಟ್ಟನ್‌ಗಾಗಿ ಸುಮ್ಮನಾದೆ ಎಂದು ಬರೆದುಬಿಟ್ಟರೆ ನನಗೆ ಹಗುರ. ಆದರೆ ಒಂಬತ್ತು ತಿಂಗಳು ಅಪ್ಪ ಮನೆಯಲ್ಲಿ ಇರುವುದಿಲ್ಲ ಎಂಬ ಸಂಕಟವೂ ಆ ಜುಲೈನಿಂದ ನನ್ನ ಹೊಟ್ಟೆಯೊಳಗೆ ಕೂತಿತ್ತು. ಅಪ್ಪ ಹೋಗದಿದ್ದರೆ ಎಷ್ಟು ಚೆನ್ನ ಎಂದು ಮಲಗುವಾಗ ದೇವರನ್ನು ಕೇಳಿಕೊಂಡದ್ದೂ ಉಂಟು. ಬಾಯಿ ಮುಚ್ಚಿಸಿದ್ದು ಆ ಸುಟ್ಟ ಕೈಯೋ, ನನ್ನ ಈ ಆಸೆಯೋ, ಇವತ್ತಿಗೂ ಆಣೆ ಮಾಡಿ ಹೇಳಲಾರೆ.

ಅಪ್ಪನನ್ನು ಡಾಕ್‌ಯಾರ್ಡಿನ ಉಗ್ರಾಣದ ಆಫೀಸಿಗೆ ಹಾಕಿದರು. ನಿವೃತ್ತಿಯವರೆಗೂ ಅಲ್ಲೇ. ಮತ್ತೆ ಹಡಗು ಹತ್ತಲಿಲ್ಲ. ಅವರ ಜಾಗಕ್ಕೆ ಬೇರೆಯವರು ಹೋದರು, ಹಡಗು ಒಂಬತ್ತು ತಿಂಗಳು ಸುತ್ತಿ ಎಲ್ಲರನ್ನೂ ಸುಖವಾಗಿ ವಾಪಸು ತಂದಿತು. ಅಪ್ಪ ಹೋಗಿದ್ದರೆ ಏನಾಗುತ್ತಿತ್ತು ಎಂದು ಯಾರೂ ಹೇಳುವ ಹಾಗಿಲ್ಲ. ಏನೂ ಆಗದೆಯೂ ಇರಬಹುದಿತ್ತು.

ಮನೆಯಲ್ಲಿ ಏನಾಯಿತು ಎಂಬುದು ಮಾತ್ರ ನನಗೆ ಗೊತ್ತು. ಅವ್ವ ಆ ತಪ್ಪನ್ನು ತನ್ನ ತಲೆಗೆ ಹಾಕಿಕೊಂಡಳು. "ನಾನಽ ಮಣಿ ಹಾಕಿದೆ. ಮೇಜಿನ ಮ್ಯಾಲೆ ಉಣ್ಣಾಕ ಹಾಕಿದ್ರ ನಿಮ್ಮಪ್ಪ ಹಡಗ ಹತ್ತಿರತಿದ್ರು" ಎಂದು ನನ್ನ ಹತ್ತಿರ ಎಷ್ಟು ಸಲ ಅತ್ತಿದ್ದಾಳೋ. ನಾನು ಬಾಯಿ ಮುಚ್ಚಿದ್ದನ್ನು ಅವಳು ನೋಡಿರಲಿಲ್ಲ. ಬಾಗಿಲಲ್ಲಿ ನಿಂತವಳಿಗೆ ಕಂಡದ್ದು ನನ್ನ ಬೆನ್ನು. ಪಾಪ, ಹುಡುಗಿಗೆ ಗಾಬರಿಯಾಯಿತು ಎಂದೇ ಅವಳು ತಿಳಿದಿದ್ದಳು. ಆಮೇಲೆ ನಮ್ಮ ಮನೆಯಲ್ಲಿ ಯಾರನ್ನೂ ನೆಲದ ಮೇಲೆ ಸಾಲಾಗಿ ಕೂರಿಸಿದ್ದಿಲ್ಲ, ನನ್ನ ಮದುವೆಯ ಮಾರನೆಯ ದಿನ ಬೀಗರಿಗೂ ಕುರ್ಚಿಯೇ. ಅವಳು ಸಾಯುವವರೆಗೂ ನಾನು ನಿಜ ಹೇಳಲಿಲ್ಲ. ಹೇಳಬೇಕೆಂದು ಹೋದಾಗಲೆಲ್ಲ ಬೇರೇನೋ ಮಾತಾಡಿ ಬಂದೆ. ನನ್ನ ಬದುಕಿನಲ್ಲಿ ನನಗೆ ನಾಚಿಕೆಯಾಗುವುದು ಇದೊಂದಕ್ಕೆ.

ಅಪ್ಪನಿಗೆ ಗೊತ್ತಿತ್ತು. ಅವರು ನನ್ನ ಎದುರಿಗೇ ಕೂತಿದ್ದವರು, ನಾನು ಬಾಯಿ ತೆರೆದು ಮುಚ್ಚಿದ್ದನ್ನು ನೋಡಿದವರು. ಬಯ್ಯಲಿಲ್ಲ, ಕೇಳಲಿಲ್ಲ. ಉಗ್ರಾಣದಿಂದ ಸರಿಯಾದ ಹೊತ್ತಿಗೆ ಮನೆಗೆ ಬರುತ್ತಿದ್ದರು, ಬಂದು ಕಿಟಕಿಯ ಬಳಿ ಕೂರುತ್ತಿದ್ದರು. ನಾನು ಬೇಡಿಕೊಂಡ ಹಾಗೆಯೇ ಅಪ್ಪ ಮನೆಯಲ್ಲಿ ಉಳಿದಿದ್ದರು. ಆ ಕಿಟಕಿಯ ಕಡೆ ಹೋಗಲು ನನಗೆ ಹೆದರಿಕೆಯಾಗುತ್ತಿತ್ತು.

ಅಕ್ಟೋಬರಿನಲ್ಲಿ ಹಡಗು ಹೊರಡುವ ಬೆಳಿಗ್ಗೆ, "ಬಾ" ಎಂದು ನನ್ನೊಬ್ಬಳನ್ನೇ ಅಪೋಲೋ ಬಂದರಿಗೆ ಕರೆದುಕೊಂಡು ಹೋದರು. ಮಳೆ ಹೋಗಿ ಬಿಸಿಲು ಚುರುಕಾಗಿತ್ತು. ದೂರದಲ್ಲಿ ಹಡಗು ತಿರುಗಿಕೊಳ್ಳುತ್ತಿತ್ತು, ಅದರ ಮೇಲೆ ಬಿಳಿ ಬಟ್ಟೆಯವರು ಸಾಲಾಗಿ ನಿಂತಿದ್ದರು. ಸಾವಂತ ಕಾಕಾ ಕೆಳಗೆ ಇಂಜಿನ್ ಕೋಣೆಯಲ್ಲಿರುತ್ತಾರೆ, ಕಾಣುವುದಿಲ್ಲ ಎಂದು ಅಪ್ಪ ಹೇಳಿದರು. ಆ ಸ್ವರ ಕೇಳಿ ನನಗೆ ತಡೆಯಲಾಗಲಿಲ್ಲ. ಅವರ ಮುಂದೆ ಬಂದು ನಿಂತು, ಮುಖ ನೋಡಿ, "ಅಪ್ಪಾ, ಅವತ್ತ ಊಟದಾಗ ನಾ" ಎಂದೆ.

ಅಪ್ಪನಿಗೆ ಅಷ್ಟು ತಿಳಿಯಿತು. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ನಿಧಾನವಾಗಿ ಮುಖವನ್ನು ಸಮುದ್ರದ ಕಡೆಗೆ ತಿರುಗಿಸಿಕೊಂಡರು. ಹಾಗೇ ಆ ಕಡೆ ನೋಡುತ್ತಲೇ, "ಹೇಳು" ಎಂದರು.

ನಾನು ಹೇಳಿದೆ. ಕುಟ್ಟನ್‌ನ ಕೈ, ದೇವರನ್ನು ಬೇಡಿಕೊಂಡದ್ದು, ಬೇಕೆಂದೇ ಬಾಯಿ ಮುಚ್ಚಿದ್ದು, ಅವ್ವ ತನ್ನದೇ ತಪ್ಪೆಂದು ಅಳುತ್ತಿರುವುದು, ಎಲ್ಲವನ್ನೂ ಬಿಕ್ಕುತ್ತ ಹೇಳಿದೆ. ಅವರು ಹಡಗಿನಿಂದ ಕಣ್ಣು ತೆಗೆಯಲಿಲ್ಲ. ನಾನು ಹೇಳಿ ಮುಗಿಸಿದ್ದೂ ಅವರಿಗೆ ಗೊತ್ತಾಗಲಿಲ್ಲ. ಅಂಗಿಯ ತೋಳು ಹಿಡಿದು ಎಳೆದೆ. ಆಗ ತಿರುಗಿ ನನ್ನ ಮುಖ ನೋಡಿದರು.

"ಎಲ್ಲಾ ಹೇಳಿದಿ?"

ನಾನು ತಲೆಯಾಡಿಸಿದೆ.

"ಆತು. ನಡಿ, ಲೋಕಲ್ ತಪ್ಪತೈತಿ" ಎಂದು ನನ್ನ ಕೈ ಹಿಡಿದುಕೊಂಡರು.